ಒಂದೇ ದವಾಖಾನೆಯ ಗುಳಿಗೆಗಳು

"ಮುಚ್ಚಿ ಹಿಡ್ಕೊಂಡ್ರ ಬಣ್ಣ ಕಾಣೂದಿಲ್ಲೇನು? ಇಡು ಇಲ್ಲಿ," ಅಂದಳು ನರ್ಸು.

ಮರಿಲಿಂಗಮ್ಮ ಸೆರಗಿನ ಮರೆಯಿಂದ ಮೂತ್ರದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗಿದ್ದದ್ದು ಕಿತ್ತಳೆ ಹಣ್ಣಿನ ರಸದ ಬಣ್ಣಕ್ಕೆ ತಿರುಗಿತ್ತು. ಸಾಲಿನಲ್ಲಿದ್ದ ಹೆಂಗಸೊಬ್ಬಳು ಅದನ್ನು ಕಂಡು, ಕಾಣದವಳಂತೆ ಕಿಟಕಿಯ ಹೊರಗಿನ ಬೇವಿನ ಮರದತ್ತ ಮುಖ ತಿರುಗಿಸಿಕೊಂಡಳು. ಅಷ್ಟು ಮರ್ಯಾದೆಯನ್ನಾದರೂ ಯಾರೋ ಉಳಿಸಿದರಲ್ಲ ಅನ್ನಿಸಿತು ಮರಿಲಿಂಗಮ್ಮನಿಗೆ.

ನರ್ಸು ಪರೀಕ್ಷೆಯ ಪಟ್ಟಿಯ ಮೇಲೆ ಹನಿ ಬಿಟ್ಟಳು. ಎರಡು ಗೆರೆ ಮೂಡಿದವು.

"ಬಸುರಿದ್ದಿ. ಮಕ್ಕಳಾಗದ ಗುಳಿಗಿ ಕೊಟ್ರ ನುಂಗೂದಿಲ್ಲ, ಆಮ್ಯಾಲ ಬಂದು ನಮ್ಮ ಮುಂದ ಅಳ್ತೀರಿ."

"ದಿನಾ ನುಂಗೀನ್ರಿ."

"ನುಂಗಿದವರಿಗೆ ಹಿಂಗಾಗ್ತದೇನು? ನಿಮ್ಮತ್ತಿಗಾದ್ರೂ ಖರೇ ಹೇಳು, ಹೋಗು."

ಅತ್ತೆ ಹಣಮಂತಮ್ಮ ಹೊರಗೆ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಅವಳ ಪ್ರಕಾರ, ಎರಡು ಹೆಣ್ಣು ಹೆತ್ತ ಸೊಸೆ ಗಂಡುಮಗುವಿನ ಆಸೆಗೆ ಗುಳಿಗೆಗಳನ್ನು ಹೊಳೆಗೆ ಚೆಲ್ಲಿದ್ದಳು. ಟಿ.ಬಿ. ವಾಸಿಯಾಗುವ ತನಕ ಬಸುರಾಗಬೇಡ ಎಂದು ದವಾಖಾನೆಯವರು ಹೇಳಿದ್ದರೂ ಹೀಗೆ ಮಾಡಿದ್ದಳು. ಕೃಷ್ಣೆಯಲ್ಲಿ ಮೀನು ಹಿಡಿಯುವ ಗಂಡ ತಿರುಪತಿ ತಾಯಿಯ ಮಾತನ್ನು ನಂಬಿದ್ದ. ಬೈದಿರಲಿಲ್ಲ, ಹೊಡೆದಿರಲಿಲ್ಲ. ಬಲೆ ಮಡಚುತ್ತಲೇ, "ಬಸುರು ಖರೇ ಆದ್ರ ದವಾಖಾನಿಯಿಂದ ಸೀದಾ ಆಕಿ ತವರಿಗೆ, ವನದುರ್ಗಕ್ಕ ಬಿಟ್ಟು ಬಾ ಅವ್ವಾ. ಹುಡುಗ್ಯಾರು ಇಲ್ಲೇ ಇರ್ಲಿ. ಸುಳ್ಳು ಹೇಳಾಕಿ ಜೊತಿ ನಾ ಬಾಳ್ವಿ ಮಾಡೂದಿಲ್ಲ," ಅಂದಿದ್ದ.

ಒಳಕೋಣೆಯಲ್ಲಿ ಡಾಕ್ಟರು ಸುಮಲತಾ ಡಬ್ಬಿಯನ್ನು ಬೆಳಕಿಗೆ ಹಿಡಿದರು.

"ಟಿ.ಬಿ. ಗುಳಿಗಿ ತಗೊಳ್ಳಾಕತ್ತೀಯೇನು?"

ಮರಿಲಿಂಗಮ್ಮ ಬೆಚ್ಚಿದಳು. ಅದನ್ನು ಅವಳು ದವಾಖಾನೆಯ ಈ ಹೆಂಗಸರ ವಿಭಾಗದಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ಇಲ್ಲಿ ಯಾರೂ ಕೇಳಿಯೂ ಇರಲಿಲ್ಲ. "ಹೌದ್ರಿ. ನಿಮಗ ಹೆಂಗ ಗೊತ್ತಾತ್ರಿ?"

"ಈ ಬಣ್ಣ ಆ ಗುಳಿಗೀದು. ಅದಕ್ಕ ಹೆದರಬ್ಯಾಡ." ಡಾಕ್ಟರು ಡಬ್ಬಿ ಕೆಳಗಿಟ್ಟರು. "ಅದರ ಜೊತೀಗೆ ಮಕ್ಕಳಾಗದ ಗುಳಿಗೀನೂ ತಗೊಂಡಿ. ಅಲ್ಲ?"

"ಹೂಂರಿ."

"ಟಿ.ಬಿ. ಗುಳಿಗಿ ಲಿವರಿನ ಕೆಲಸ ಜೋರು ಮಾಡ್ತದವ್ವ. ಅದು ಈ ಗುಳಿಗೀನ ಲಗೂ ಲಗೂ ಕರಗಿಸಿ ಹೊರಗ ಹಾಕಿಬಿಡ್ತದ. ನೀ ದಿನಾ ನುಂಗಿದ್ರೂ ಅದರ ಶಕ್ತಿ ಮೈಯಾಗ ಉಳಿಯೂದಿಲ್ಲ. ಯಾರೂ ಹೇಳಿಲ್ಲೇನು ನಿನಗ?"

ಮರಿಲಿಂಗಮ್ಮ ಬಾಗಿಲಾಚೆಯ ವರಾಂಡದತ್ತ ನೋಡಿದಳು. ವರಾಂಡದ ಎಡಗಡೆಯ ಕಿಟಕಿಯಲ್ಲಿ ಟಿ.ಬಿ. ಗುಳಿಗೆ ಕೊಡುತ್ತಾರೆ, ಬಲಗಡೆಯ ಕಿಟಕಿಯಲ್ಲಿ ಮಕ್ಕಳಾಗದ ಗುಳಿಗೆ. ನಡುವೆ ಕುಡಿಯುವ ನೀರಿನ ನಲ್ಲಿ ಬಿಟ್ಟರೆ ಬೇರೇನೂ ಇಲ್ಲ.

"ಎರಡೂ ನೀವೇ ಕೊಟ್ಟೀರಿ," ಅಂದಳು. ಅವಳ ದನಿ ತಗ್ಗಲಿಲ್ಲ. "ಬಸುರಾಗಬ್ಯಾಡ, ಆ ಕಿಟಕಿಗೆ ಹೋಗು ಅಂದ್ರು ಅವರು. ಇವರು ಗುಳಿಗಿ ಕೈಯಾಗ ಹಾಕಿ ಮುಂದಿನವರನ್ನ ಕರದ್ರು. ನಿಮ್ಮ ಕಿಟಕಿ ಎರಡಿದ್ರ ಇರ್ಲಿ. ನನಗ ಹೊಟ್ಟಿ ಒಂದೇ ಅದರಿ."

ಡಬ್ಬಿ ಒಳಗೆ ತಂದುಕೊಟ್ಟು ಮೇಜು ಒರೆಸುತ್ತಿದ್ದ ನರ್ಸಿನ ಕೈ ನಿಂತಿತು.

"ತಪ್ಪು ನಮ್ದು," ಅಂದರು ಸುಮಲತಾ.

"ನನಗ ಹೇಳಿ ಏನ್ಮಾಡ್ತೀರಿ? ನಾ ನುಂಗೀನಂತ ನನಗ ಗೊತ್ತದ. ಹೊರಗ ನಮ್ಮತ್ತಿ ಕುಂತಾರ, ಅವರಿಗೆ ಹೇಳ್ರಿ."

"ಮೇಡಂ, ಪಾಳಿ ಭಾಳದ," ಅಂದಳು ನರ್ಸು ಮೆಲ್ಲಗೆ. ಡಾಕ್ಟರು ಕೊರಳಿನ ಸ್ಟೆತಸ್ಕೋಪ್ ತೆಗೆದಿಟ್ಟು ಎದ್ದರು. ಮರಿಲಿಂಗಮ್ಮನನ್ನೂ ಕರೆದುಕೊಂಡು ಹೊರಗೆ ಹೋದರು. ಹಣಮಂತಮ್ಮನ ಮುಂದೆ ನಿಂತು ಮಾತಾಡಲಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲೇ ಕೂತು, ಎಲ್ಲವನ್ನೂ ಮತ್ತೊಮ್ಮೆ ಹೇಳಿದರು. ಟಿ.ಬಿ. ಗುಳಿಗೆ ಒಂದು ದಿನವೂ ನಿಲ್ಲಿಸಬಾರದು ಅಂದರು. ಈ ಬಸುರಿನ ಬಗ್ಗೆ ತಾವು ಮರಿಲಿಂಗಮ್ಮನ ಜೊತೆಗೇ ಮಾತಾಡುತ್ತೇವೆ, ಬೇಕೋ ಬೇಡವೋ ಅವಳೇ ಹೇಳಬೇಕು ಅಂದರು.

ಹಣಮಂತಮ್ಮ ಕೇಳಿಸಿಕೊಂಡಳು. ಆಮೇಲೆ ವರಾಂಡವೆಲ್ಲ ತಿರುಗಿ ನೋಡುವಂತೆ ದನಿ ಎತ್ತಿದಳು. "ಮನಿ ಮುರಿಯೂಮಟ ಬಾಯಿ ಮುಚ್ಕೊಂಡು ಕುಂತಿದ್ರೇನು ನೀವೆಲ್ಲಾ? ನನ್ನ ಸೊಸೀಗೆ ಓಣಿ ತುಂಬ ಸುಳ್ಳುಬುರುಕಿ ಅಂತಾರ."

"ಮೊದಲ ಅಂದವರು ನೀವೇ ಅತ್ತಿ," ಅಂದಳು ಮರಿಲಿಂಗಮ್ಮ.

ಬೆಂಚಿನ ಆ ತುದಿಯಲ್ಲಿದ್ದ ಬಳೆಗಾರ್ತಿ ಗೌಹರಬೇಗಂ ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹಣಮಂತಮ್ಮ ಅವಳನ್ನೊಮ್ಮೆ ದುರುಗುಟ್ಟಿ ನೋಡಿ, ಕುಪ್ಪಸದಿಂದ ಫೋನು ತೆಗೆದು ಮಗನಿಗೆ ಹಚ್ಚಿದಳು.

"ತಿರುಪತಿ, ಹುಡುಗಿ ಸುಳ್ಳು ಹೇಳಿಲ್ಲೋ. ಆ ಗುಳಿಗಿ ಈ ಗುಳಿಗೀನ ತಿಂದದಂತ. ಇಲ್ಲೋ, ಡಾಕ್ಟರಮ್ಮನೇ ನನ್ನ ಬಾಜೂಕ ಕುಂತು ಹೇಳ್ಯಾಳ." ಮಗ ಹೇಳಿದ್ದನ್ನು ಕೇಳಿಸಿಕೊಂಡಳು. ಆಮೇಲೆ ಫೋನನ್ನು ಸೊಸೆಯತ್ತ ಚಾಚಿದಳು. "ತಗೋ, ಮಾತಾಡ್ತಾನಂತ. ಮನಿಗೆ ಬಾ ಅನ್ನಾಕತ್ಯಾನ."

ಮರಿಲಿಂಗಮ್ಮ ಕೈ ಮುಂದೆ ಮಾಡಲಿಲ್ಲ.

"ಇಲ್ಲಿಗೇ ಬರ್ಲಿ. ಬಂದು ನನ್ನ ಮಾರಿ ನೋಡಿ ಹೇಳ್ಲಿ. ಅಲ್ಲಿಮಟ ನಾ ಯಾವ ಬಸ್ಸೂ ಹತ್ತೂದಿಲ್ಲ."

ಗೌಹರಬೇಗಂ ತನ್ನ ಬಳೆಯ ಗಂಟನ್ನು ಬೆಂಚಿನಿಂದ ಎತ್ತಿ ಕಾಲ ಬಳಿ ಇಟ್ಟುಕೊಂಡು ಜಾಗ ಮಾಡಿದಳು. ಮರಿಲಿಂಗಮ್ಮ ಅಲ್ಲಿ ಕೂತಳು. ಹಣಮಂತಮ್ಮನ ಕೈ ಚಾಚಿದಂತೆಯೇ ಇತ್ತು. ಫೋನಿನೊಳಗೆ ಹೊಳೆಯ ಗಾಳಿ ಬೀಸುತ್ತಿತ್ತು. ಅದರ ನಡುವೆ ತಿರುಪತಿಯ ದನಿ ಹಲೋ, ಹಲೋ ಅನ್ನುತ್ತಲೇ ಇತ್ತು.