ಭಾನುವಾರದ ಬಣ್ಣ

"ಮುದುಕಿ ಮೈ ಅಂದ್ರೆ ಪಾತ್ರೆ ಅನ್ಕೊಂಡಿದೀಯೇನೆ, ಲೌಡಿ? ಹಿಂಗಾ ತಿಕ್ಕೋದು?"

ವೃದ್ಧಾಶ್ರಮದ ಮೇಲ್ವಿಚಾರಕ ಕಾಗದ ಬಿದ್ದ ಮೇಜನ್ನು ಗುದ್ದಿದ. ಆಯಾ ಗೋಡೆಗಂಟಿ ನಿಂತಿದ್ದಳು; ಪಕ್ಕದಲ್ಲಿ ಚಾಪೆಯ ಮೇಲೆ ಅಜ್ಜಿ ಕೂತಿದ್ದಳು. ಅಜ್ಜಿಗೆ ಸ್ನಾನ ಮಾಡಿಸುವಾಗ ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಮೂಡಿದ್ದನ್ನು ಕಂಡು ಬೆಳಿಗ್ಗೆ ಮೇಡಂಗೆ ಹೇಳಿದವಳು ಆಯಾಳೇ.

ಮೇಡಂ ಎಂದರೆ ವಾರಕ್ಕೊಮ್ಮೆ ಬರುವ ಸಮಾಜ ಕಾರ್ಯಕರ್ತೆ. ಬಂದವಳೇ ನೆಲದ ಮೇಲೆ ಕೂತು, ಅಜ್ಜಿಯ ತೋಳನ್ನು ಮಡಿಲಲ್ಲಿಟ್ಟುಕೊಂಡು, ಯಾರು ಹೊಡೆದರು, ಹೆದರಬೇಡಿ ಎಂದು ಮಗುವನ್ನು ಕೇಳಿದಂತೆ ಕೇಳಿದಳು. ಅಜ್ಜಿ ಬಿದ್ದೆ ಎಂದಳು. ಮೇಡಂ ಮತ್ತೆ ಕೇಳಿದಳು, ಇನ್ನೂ ಮೆತ್ತಗೆ.

ಆಯಾ ಮುಖ ತಿರುಗಿಸಿದಳು. ಹನ್ನೊಂದು ವರ್ಷದಿಂದ ಅವಳು ಇಲ್ಲಿ ಉದ್ದ ತೋಳಿನ ಅಂಗಿ ತೊಟ್ಟು ನೆಲ ಒರೆಸುತ್ತಿದ್ದಾಳೆ. ಈ ಸೆಕೆಯಲ್ಲಿ ಉದ್ದ ತೋಳು ಯಾಕಮ್ಮ ಎಂದು ಒಂದು ನಾಯಿಯೂ ಮೂಸಿರಲಿಲ್ಲ. ಈ ಮುದುಕಿಗೆ ಮಾತ್ರ ಒಂದು ಕಲೆಗೆ ನಾಲ್ಕು ಪುಟದ ಫಾರಂ.

"ಅನುಮಾನ ಬಂದ್ರೆ ನಾನು ಬರೀಲೇಬೇಕು ಸಾರ್. ಮುಚ್ಚಿಡೋ ಹಾಗಿಲ್ಲ," ಎಂದಳು ಮೇಡಂ, ಎದ್ದು ಮೇಜಿನ ಮುಂದಿನ ಕುರ್ಚಿಗೆ ಬಂದು.

"ಬರೀರಿ, ಬೇಡ ಅಂದೋರ್ಯಾರು? ಆಯಾ ಮೇಲೆ ಬರೀರಿ."

ಹೊಸ ವಾರ್ಡಿನ ಮಂಚಗಳೆಲ್ಲ ಅಜ್ಜಿಯ ಮಗ ಕೊಡಿಸಿದ್ದು. ಅದನ್ನೂ ಮೇಲ್ವಿಚಾರಕ ನಗುನಗುತ್ತಾ ನೆನಪಿಸಿದ. ಮೇಡಂ ತಲೆ ತಗ್ಗಿಸಿ ಫಾರಂ ಮೇಲೆ 'ಆ' ಎಂದು ಬರೆದಳು. ಅಲ್ಲೇ ಪೆನ್ನು ನಿಂತಿತು.

ಕೆಲಸ ಹೋದರೆ ಆಯಾ ಮನೆಯಲ್ಲಿ ಕೂರಬೇಕು. ಮನೆಯಲ್ಲಿ ಗಂಡನಿದ್ದ.

"ಆ ಕಲೆ ಭಾನುವಾರದ್ದು," ಎಂದಳು. "ಅವತ್ತು ನಂಗೆ ರಜೆ. ಇವಳ ಮಗ ಬಂದಿದ್ದು ಅವತ್ತೇ."

"ಓಹೋ, ಡಾಕ್ಟ್ರಮ್ಮ! ಬಣ್ಣ ನೋಡಿ ವಾರ ಹೇಳ್ತಾಳೆ."

ಆಯಾ ಅಂಗಿಯ ತೋಳನ್ನು ಭುಜದವರೆಗೂ ಸರಸರ ಮಡಚಿ, ಅಜ್ಜಿಯ ಪಕ್ಕ ಕುಕ್ಕರಿಸಿ, ತನ್ನ ತೋಳನ್ನು ಅವಳ ತೋಳಿಗೆ ಜೋಡಿಸಿದಳು. ಎರಡರ ಮೇಲೂ ಅದೇ ನೀಲಿ, ಅಂಚಿನಲ್ಲಿ ಅದೇ ಹಸಿರು.

"ಇದು ನನ್ನ ಗಂಡ ಭಾನುವಾರ ಕೊಟ್ಟಿದ್ದು. ಹೊಂದಿಸಿ ನೋಡ್ಕಳಿ. ವಾರ ಹೇಳಕ್ಕೆ ನಂಗೆ ಯಾವ ಓದೂ ಬೇಕಿಲ್ಲ."

ಅಜ್ಜಿ ಬೆರಳಿನಿಂದ ಆಯಾಳ ಕಲೆಯನ್ನು ಮುಟ್ಟಿದಳು.

"ನನ್ನ ಮಗ," ಎಂದಳು, ಗಾಳಿ ಬಿಟ್ಟಂತೆ.

ಮೇಡಂ ತಾನು ಬರೆದ 'ಆ' ಅಕ್ಷರವನ್ನು ಹೊಡೆದುಹಾಕಿದಳು.

"ಮೊದ್ಲು ಇವಳದ್ದು ಬರಿಯಮ್ಮ, ಮಗನ ಹೆಸ್ರು ಹಾಕು," ಎಂದಳು ಆಯಾ. "ಆಮೇಲೆ ಇನ್ನೊಂದು ಫಾರಂ ತೆಗಿ. ನನ್ನೂ ಕೇಳು. ಇವಳನ್ನ ಕೇಳಿದ್ಯಲ್ಲ, ಹಂಗೇ. ಕೆಳಗೆ ಕೂತ್ಕೊಂಡು."

ತೋಳನ್ನು ಇಳಿಸದೆ ಅವಳು ಮೇಡಂಗೆ ಪಕ್ಕದಲ್ಲಿ ಜಾಗ ಬಿಟ್ಟು ಸರಿದು ಕೂತಳು.