ಉಣ್ಣುವ ಕೈ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ರಾಯಚೂರಿನ ಹತ್ತಿ ಜಿನ್ನಿನಲ್ಲಿ ಹತ್ತಿ ತುಂಬಿ ಒಟ್ಟಿದ್ದ ಅಂಡಿಗೆಗಳ ಸಾಲು ಜಾರಿ ಹಮಾಲ ಗಡಿಗೆಪ್ಪನ ಬಲ ಮೊಣಕೈ ಮೇಲೆ ಬಿದ್ದಾಗ, ಮಾಲೀಕ ಸೇಠರು ಮೊದಲು ನೋಡಿದ್ದು ಅಂಡಿಗೆ ಹರಿಯಿತೋ ಹೇಗೆ ಎಂದು. ಗಡಿಗೆಪ್ಪನನ್ನು ಹೆಂಡತಿ ಕರೆಮ್ಮ ಯಾರದೋ ಬಂಡಿಯಲ್ಲಿ ಹಾಕಿಕೊಂಡು ಮಾನ್ವಿಗೆ ಒಯ್ದಳು. ಎಲುಬು ಕಟ್ಟುವುದರಲ್ಲಿ ಅಲ್ಲಿನ ಹನುಮಂತ್ರಾಯನ ಹೆಸರು ದೇವದುರ್ಗದ ತನಕ ಇತ್ತು.

ಹನುಮಂತ್ರಾಯ ಮೊಣಕೈ ಒತ್ತಿ ನೋಡಿ ಮುಖ ಸಪ್ಪಗೆ ಮಾಡಿದ.

"ಕೀಲು ಪುಡಿ ಆಗ್ಯಾದ ಯವ್ವಾ. ಇನ್ನ ಇದು ಆಡಂಗಿಲ್ಲ, ಕಟ್ಟಿದಂಗ ನಿಲ್ತದ. ನೆಟ್ಟಗ ಕಟ್ಲೇನು, ಮಡಚಿ ಕಟ್ಲೇನು?"

"ಏನ್ ಫರಕ್ರೀ?"

"ನೆಟ್ಟಗಿದ್ರ ಕೊಡ ಹಿಡೀಬಹುದು, ಬಾಯಿಗೆ ಮುಟ್ಟಂಗಿಲ್ಲ. ಮಡಚಿದ್ರ ಉಣ್ತಾನ, ಭಾರ ಎತ್ತಂಗಿಲ್ಲ."

ಗಡಿಗೆಪ್ಪ ಹಲ್ಲು ಕಚ್ಚಿ ಮಲಗಿದ್ದ. ತನ್ನೂರು ಮಸರಕಲ್ಲಿನಲ್ಲಿ ಲಕ್ವಾ ಹೊಡೆದು ಕೈಕಾಲು ಬಿದ್ದುಹೋದ ತಂದೆಗೆ ವರ್ಷಗಟ್ಟಲೆ ತುತ್ತಿಟ್ಟವನು ಅವನು. ಇನ್ನೊಬ್ಬರ ಕೈಯಲ್ಲಿ ಉಣ್ಣುವ ಗತಿ ಮಾತ್ರ ನನಗೆ ಬರಬಾರದು ಎನ್ನುತ್ತಿದ್ದ. ಕರೆಮ್ಮ ಅದನ್ನು ನೆನೆದು ಹೇಳಿದಳು: "ಉಣ್ಣೂ ಕೈ ಮಾಡಿಕೊಡ್ರಿ."

ಕೈ ಎದೆಯ ಮುಂದೆ ಮಡಚಿದಂತೆಯೇ ನಿಂತಿತು. ಕತ್ತು ಬಾಗಿಸಿದರೆ ತುತ್ತು ಬಾಯಿಗೆ ಸೇರುತ್ತಿತ್ತು. ಅಂಡಿಗೆ ಎತ್ತುವುದು, ಗುದ್ದಲಿ ಹಿಡಿಯುವುದು, ರುಮಾಲು ಸುತ್ತುವುದು ಎಲ್ಲ ಮುಗಿಯಿತು. ಕಚೇರಿಯ ಮುಂದೆ ಅರ್ಜಿ ಬರೆಯುವ ಅಬ್ದುಲ್ ವಹೀದ್, ಹೋದ ಕೈಗೆ ಪರಿಹಾರವಾಗಿ ಸೇಠರಿಂದ ಹರ್ಜಾನಾ ಕೊಡಿಸಬೇಕೆಂದು ಉರ್ದುವಿನಲ್ಲಿ ಬರೆದುಕೊಟ್ಟ. ಅದು ಬಂದರೆ ಎಮ್ಮೆ ಕಟ್ಟಿ ಹಾಲು ಮಾರುವುದು, ಬರದಿದ್ದರೆ ಕರೆಮ್ಮ ಅದೇ ಜಿನ್ನಿಗೆ ಹೋಗುವುದು. ಬೇರೆ ದಾರಿ ಇರಲಿಲ್ಲ. ಹತ್ತಿಯ ಧೂಳು ಅವಳಿಗೆ ಆಗದು; ಹಿಂದೊಮ್ಮೆ ಒಂದು ಹಂಗಾಮು ದುಡಿದು, ಉಸಿರು ಕಟ್ಟಿ ಸಾಯುವಂತಾಗಿ ಬಿಟ್ಟಿದ್ದಳು.

ವಿಚಾರಣೆಯ ದಿನ ತೀರ್ಪು ಕೊಡುವ ಹಾಕಿಮರ ಎದುರು ಸೇಠರ ವಕೀಲ ಬಹಳ ಮೆತ್ತಗೆ, ಅದೂ ಕನ್ನಡದಲ್ಲಿ ಕೇಳಿದ. ಅಂಥ ಮೆತ್ತನೆಯ ದನಿ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ಪಾಪ, ನಿನಗ ಈಗ ಯಾರು ಉಣಿಸ್ತಾರಪಾ?"

ಹೆಂಡತಿ ಉಣಿಸುತ್ತಾಳೆ ಎಂದುಬಿಟ್ಟಿದ್ದರೆ ಗೆದ್ದಂತಿತ್ತು. ಆದರೆ ತುಂಬಿದ ಕಚೇರಿಯಲ್ಲಿ ಗಡಿಗೆಪ್ಪನಿಗೆ ಆ ಮಾತು ಚುಚ್ಚಿತು.

"ಯಾರ ಕೈಯಾಗೂ ಉಂಡಿಲ್ರೀ ನಾ. ನನ್ನ ಕೈಲೇ ಉಣ್ತೀನಿ."

"ಹೌದಾ? ತೋರಿಸು ನೋಡೂಣು."

ತೋರಿಸಿದ. ಬೆರಳು ಕೂಡಿಸಿ, ಕತ್ತು ಬಾಗಿಸಿ, ಇಲ್ಲದ ತುತ್ತನ್ನು ಬಾಯಿಗಿಟ್ಟುಕೊಂಡ. ವಕೀಲ ಹಾಕಿಮರ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದ. ಅವರು ತಲೆಯಾಡಿಸಿ ಬರೆದರು.

ಹೊರಗೆ ಬಂದ ಮೇಲೆ ವಹೀದ್ ಬಿಡಿಸಿ ಹೇಳಿದ: "ಕೈ ಸಲಾಮತ್ ಅದ, ಏನೂ ಆಗಿಲ್ಲ ಅಂತ ಬರದಾರಪಾ. ಹರ್ಜಾನಾ ಇಲ್ಲ."

ಗಡಿಗೆಪ್ಪ ಗೋಡೆ ಹಿಡಿದು ಕುಳಿತುಬಿಟ್ಟ. ಕರೆಮ್ಮ ಅವನನ್ನು ಎಬ್ಬಿಸಿದಳು, ಬೈಯಲಿಲ್ಲ. ಮನೆಗೆ ಹೋಗುವಾಗ ಜಿನ್ನಿನ ಬಾಗಿಲಲ್ಲಿ ನಿಂತು, ನಾಳೆಯಿಂದ ಬರುತ್ತೇನೆ ಎಂದು ಮೇಸ್ತ್ರಿಗೆ ಹೇಳಿದಳು.

ಸಂಜೆ ರೊಟ್ಟಿ ಮುಂದಿಟ್ಟಾಗ ಅವನು ಬಲಗೈಯನ್ನು ಹೆಗಲ ಮೇಲಿನ ವಲ್ಲಿಯಲ್ಲಿ ಮುಚ್ಚಿ ಎಡಗೈ ಚಾಚಿದ. ಕರೆಮ್ಮ ವಲ್ಲಿ ಕಿತ್ತು ಪಕ್ಕಕ್ಕಿಟ್ಟಳು.

"ಆ ಕೈ ನಾ ಕೇಳಿ ಕಟ್ಟಿಸೀನಿ. ಅದರಲೇ ಉಣ್ಣು. ನಾಳಿ ನಾ ಹಾಸಿಗಿ ಹಿಡದ್ರ ನನಗ ತುತ್ತಿಡಾಕ ಅದಽ ಬೇಕು."

ಅವನು ಅಳುತ್ತಲೇ ಒಂದು ತುತ್ತು ಮುರಿದು ಅವಳ ಬಾಯಿಯ ಕಡೆ ಒಯ್ದ. ಕೈ ಅಲ್ಲಿಯವರೆಗೆ ಚಾಚಲಿಲ್ಲ. ತಿರುಗಿ ಅವನ ಬಾಯಿಗೇ ಬಂತು.