ಓಗೊಡುವ ಗೋಡೆ

ಶಾಲೆಯಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ರಜನಿಯ ಕೈಕೆಲಸ ತಾನಾಗಿ ನಿಲ್ಲುತ್ತಿತ್ತು. ಅವರ ಮನೆಗೂ ಶಾಲೆಗೂ ನಡುವೆ ಒಂದೇ ಗೋಡೆ. ಆಚೆ ಮಾಲತೇಶ್ ಮೇಷ್ಟ್ರು ಹಾಜರಿ ಕೂಗುತ್ತ ‘ಚೌಡೇಶ್ವರಿ’ ಎಂದಾಗ, ಈಚೆ ಅಗುಳಿ ಹಾಕಿದ ಭತ್ತದ ಕೋಣೆಯೊಳಗಿಂದ ‘ಊಂ’ ಎಂಬ ದನಿ ಏಳುತ್ತಿತ್ತು. ನೆಲದಡಿಯಿಂದ ಬಂದಂಥ ದನಿ. ಗೋಡೆಯಲ್ಲಿ ದೆವ್ವವಿದೆಯೆಂದು ಮಕ್ಕಳು ಅದರ ಪಕ್ಕ ಕೂರುತ್ತಲೇ ಇರಲಿಲ್ಲ.

ದೆವ್ವವಲ್ಲ, ಅದು ರಜನಿಯ ತಂಗಿ ಚೌಡೇಶ್ವರಿ. ಒಂಬತ್ತು ವರ್ಷದ ಹುಡುಗಿ. ಕೈಕಾಲಲ್ಲಿ ಬಲವಿಲ್ಲ, ಮಾತು ಬಾರದು. ಶಾಲೆಗೆ ಸೇರಿದ್ದು ಹೆಸರು ಮಾತ್ರ. ಅಕ್ಕನ ಮದುವೆಯಾಗುವವರೆಗೆ ಇಂಥ ಮಗು ಯಾರ ಕಣ್ಣಿಗೂ ಬೀಳಬಾರದೆಂಬುದು ಊರಿನ ಕಟ್ಟಳೆ. ಅಪ್ಪ ಅಮ್ಮ ಇಲ್ಲದ ಆ ಮನೆಯಲ್ಲಿ ಅಜ್ಜ ಉಚ್ಚಂಗಪ್ಪನ ಮಾತೇ ಕೊನೆ.

ಮೇಷ್ಟ್ರು ಒಮ್ಮೆ ಬಂದು ಕೇಳಿದ್ದರು. “ಕಳಿಸ್ರೀ ಅಜ್ಜಾರೆ, ಹುಡುಗಿ ಕಲಿತಾಳೆ.”

“ಎತ್ತಿ ಕೂರ್ಸೋರ್ಯಾರು, ಉಣ್ಸೋರ್ಯಾರು? ನಿಮ್ ಸರ್ಕಾರ ಒಬ್ಳು ಆಯಾನ ಕೊಟ್ಟೈತಾ?”

ಮೇಷ್ಟ್ರು ಚಪ್ಪಲಿ ಮೆಟ್ಟಿ ಹೊರಟರು. ಆಯಾಗೆ ಅನುದಾನವಿಲ್ಲ. ತಾಲ್ಲೂಕಿಗೆಲ್ಲ ಇದ್ದ ಒಬ್ಬ ವಿಶೇಷ ಶಿಕ್ಷಕಿಯೂ ವರ್ಗವಾಗಿ ಹೋಗಿದ್ದರು. ಕಾಯಿದೆಯಲ್ಲಿ ಎಲ್ಲ ಉಂಟು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ!

ಅಂದು ಶಿಕಾರಿಪುರದಿಂದ ಗಂಡಿನವರು ಬಂದಿದ್ದರು. ರಜನಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗಲೇ ಆಚೆ ಹಾಜರಿ ಶುರುವಾಯಿತು.

‘ಚೌಡೇಶ್ವರಿ.’

ಗೋಡೆ ಸುಮ್ಮನಿತ್ತು. ಮೇಷ್ಟ್ರು ಮತ್ತೆ ಕೂಗಿದರು. ಆಗಲೂ ಇಲ್ಲ. ಅಜ್ಜ ಮಾತ್ರ ನಿರಾಳವಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಇಷ್ಟು ದಿನ ಆ ದನಿಗೆ ಬೆಚ್ಚುತ್ತಿದ್ದ ರಜನಿ ಇಂದು ಅದು ಕೇಳದ್ದಕ್ಕೆ ಹೆದರಿದಳು. ತಟ್ಟೆ ಅಲ್ಲೇ ಇಟ್ಟು ಓಡಿ ಅಗುಳಿ ತೆಗೆದಳು. ಚೀಲಗಳ ನಡುವಿನ ಕತ್ತಲಲ್ಲಿ ಎರಡು ಕಣ್ಣು ಗೋಡೆಯನ್ನೇ ನೋಡುತ್ತಿದ್ದವು. ಮೂಗು ಬಾಯಿ ಮುಚ್ಚಿ ಅಜ್ಜನ ಟವೆಲ್ ಬಿಗಿದಿತ್ತು. ಬಿಚ್ಚಿದಾಗ ತುಟಿ ನೀಲಿಗಟ್ಟಿತ್ತು. ತುಸು ಹೊತ್ತಿನ ಮೇಲೆ ಒಂದು ಉಸಿರು ಬಂತು.

“ಒಂದ್ ಗಳಿಗೆ ಅಂತ ಕಟ್ಟಿದ್ದು ಕಣೇ, ನಿನ್ ಒಳ್ಳೇದಕ್ಕೇ,” ಅಂದ ಅಜ್ಜ ಬಾಗಿಲಲ್ಲಿ ನಿಂತು.

“ಇನ್ನೊಂದ್ ಗಳಿಗೆ ಆಗಿದ್ರೆ ಹೆಣ ಆಗ್ತಿದ್ಲು! ಇವ್ಳನ್ನ ಮುಚ್ಚಿಟ್ಟು ಆಗೋ ಮದ್ವೆ ನಂಗೆ ಬ್ಯಾಡ ಅಜ್ಜ.”

ತಂಗಿಯನ್ನು ಬೆನ್ನಿಗೇರಿಸಿಕೊಂಡು ಗಂಡಿನವರ ಎದುರಿಗೇ ಹಾದು ಶಾಲೆಯ ಬಾಗಿಲಿಗೆ ಬಂದಳು.

“ಮೇಷ್ಟ್ರೇ, ಆಯಾ ಬರೋ ತನ್ಕ ನಾನೇ ಇರ್ತೀನಿ. ಹಂಗಂತ ಕೇಳೋದು ಬಿಡಬ್ಯಾಡ್ರಿ. ಆಯಾನೂ ಬೇಕು, ಟೀಚರೂ ಬೇಕು ಅಂತ ಸೊರಬದ ಶಿಕ್ಷಣ ಆಫೀಸಿಗೆ ಅರ್ಜಿ ಬರೀರಿ. ಮೊದ್ಲು ರುಜು ನಾನ್ ಹಾಕ್ತೀನಿ.”

ಮೇಷ್ಟ್ರು ತಲೆಯಾಡಿಸಿದರು. ಹಾಜರಿ ಪುಸ್ತಕ ತೆರೆದು ಇನ್ನೊಮ್ಮೆ ಕೂಗಿದರು.

‘ಚೌಡೇಶ್ವರಿ.’

‘ಊಂ.’

ಮಕ್ಕಳೆಲ್ಲ ಮೊದಲು ಗೋಡೆಯ ಕಡೆ ನೋಡಿದರು. ಆಮೇಲೆ ಬಾಗಿಲ ಕಡೆ ತಿರುಗಿದರು.